ಹಡಗಿನೊಳಗಿನ ಜೇನು

ಡ್ರಮ್ಮಿನ ಒಂದು ಹೊದಿಕೆ ಹರಿದರೆ ನಮ್ಮ ಮನೆಯ ವಾರದ ತರಕಾರಿ ದುಡ್ಡು ಹೋಯಿತೆಂದೇ ಲೆಕ್ಕ. ಗಿಟಾರಿನ ಒಂದು ಸೆಟ್ ತಂತಿಯ ಬೆಲೆಯಲ್ಲಿ ನಾಲ್ಕು ಜನ ಹೊಟ್ಟೆ ತುಂಬ ಉಣ್ಣಬಹುದು. ಅಭ್ಯಾಸಕ್ಕೆ ಕೋಣೆ ಹಿಡಿದರೆ ಗಂಟೆಯ ಬಾಡಿಗೆ. ಅದನ್ನು ಉಳಿಸಲು ನನ್ನ ಗೋದಾಮನ್ನೇ ಬಿಟ್ಟುಕೊಟ್ಟಿದ್ದೆ. ವ್ಯಾನಿನ ಡೀಸೆಲ್ ನನ್ನದು, ಸ್ಪೀಕರುಗಳು ನನ್ನವು, ಸುಟ್ಟುಹೋದ ಆಂಪ್ಲಿಫೈಯರ್ ಕೂಡ ನನ್ನದೇ. ಇಷ್ಟೆಲ್ಲದರಲ್ಲಿ ಪುಕ್ಕಟೆಯಾಗಿ ಬಂದದ್ದು ಹಾಡಿನ ಮಾತು ಮಾತ್ರ. ಅದನ್ನು ಬರೆದವಳು ನನ್ನ ಅಣ್ಣನ ಮಗಳು.

ಹುಟ್ಟಿದಾಗ ಅಂಗೈಯಷ್ಟಿದ್ದಳೆಂದು ಅವಳನ್ನು ಜೀರಿಗೆ ಎಂದು ಕರೆದೆವು. ಈಗ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಗಂಟಲು ತೆಗೆದರೆ ಬೀದಿಯ ಕೊನೆಯವರೆಗೆ ಕೇಳಿಸುತ್ತದೆ. ಹೆಸರು ಮಾತ್ರ ಅದೇ ಉಳಿದಿದೆ. ಅವಳು ಹಾಡುತ್ತಾಳೆ, ಇಬ್ಬರು ಗಿಟಾರ್ ನುಡಿಸುತ್ತಾರೆ, ಗುಡುಗು ಎಂದು ನಾನು ಹೆಸರಿಟ್ಟ ಹುಡುಗಿ ಡ್ರಮ್ಸ್ ಬಾರಿಸುತ್ತಾಳೆ. ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವುದು ನನ್ನ ಕಸುಬು. ಹಾಗಾಗಿ ಈ ರಾಕ್ ಬ್ಯಾಂಡಿಗೆ ನಾನೇ ಮ್ಯಾನೇಜರು, ಡ್ರೈವರು, ಬೈಯುವವಳು.

ಅವರ ಹಾಡುಗಳಲ್ಲಿ ಒಂದು ಕೇಳಿದವರನ್ನು ಕುರ್ಚಿಯಿಂದ ಎಬ್ಬಿಸುತ್ತಿತ್ತು. ನಡು ಸಮುದ್ರದಲ್ಲಿ ಬಿರುಗಾಳಿ, ಹಾಯಿ ಹರಿದಿದೆ, ಜನ ಕೂಗುತ್ತಿದ್ದಾರೆ. ಕಪ್ತಾನ ಚುಕ್ಕಾಣಿ ಬಿಟ್ಟು ಹಡಗಿನ ತಳಕ್ಕೆ ಇಳಿಯುತ್ತಾನೆ. ಅಲ್ಲೊಂದು ಜೇನುಪೆಟ್ಟಿಗೆ. ಅವನು ಅದರ ಮುಚ್ಚಳ ತೆಗೆಯುತ್ತಾನೆ. ಆಮೇಲೆ ಗಿಟಾರುಗಳೆಲ್ಲ ಒಟ್ಟಿಗೆ ಝೇಂಕರಿಸುತ್ತವೆ, ಪಲ್ಲವಿ ಬರುತ್ತದೆ:

ನಡುಗದ ಕೈಯಲ್ಲಿ ಮುಚ್ಚಳ ಎತ್ತು,
ಗಾಳಿ ಹೊರಗಿದೆ, ರಾಣಿ ಒಳಗೆ.
ರಾಣಿ ಉಳಿದರೆ ಹಡಗೂ ಉಳಿದೀತು.

ಇದು ಎಲ್ಲಿಂದ ಬಂತು ಎಂದು ಯಾರು ಕೇಳಿದರೂ ಜೀರಿಗೆ ಒಂದು ಹಳೆಯ ಹಡಗಿನ ಕಾದಂಬರಿಯ ಹೆಸರು ಹೇಳುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವಳಪ್ಪ ಕೊಟ್ಟ ಪುಸ್ತಕ ಅದು. ಅದನ್ನು ತಲೆದಿಂಬಿನಡಿ ಇಟ್ಟುಕೊಂಡೇ ಬೆಳೆದಳು.

ನಗರದ ಗ್ರಂಥಾಲಯದವರು ವಾರ್ಷಿಕೋತ್ಸವಕ್ಕೆ ಹಾಡಿನ ಸ್ಪರ್ಧೆ ಇಟ್ಟಾಗ ನಮಗೆ ಲಾಟರಿ ಹೊಡೆದಂತಾಯಿತು. ಯಾವ ಶೈಲಿಯ ಹಾಡಾದರೂ ಸರಿ. ನಿಯಮ ಒಂದೇ: ಹಾಡು ಒಂದು ಪುಸ್ತಕದಿಂದ ಹುಟ್ಟಿರಬೇಕು, ವೇದಿಕೆ ಹತ್ತುವ ಮೊದಲು ಆ ಪುಟ ತೋರಿಸಬೇಕು. ಬಹುಮಾನ ಒಳ್ಳೆಯ ಸ್ಟುಡಿಯೋದಲ್ಲಿ ಮೂರು ದಿನದ ರೆಕಾರ್ಡಿಂಗ್. ಅಂಥ ಸ್ಟುಡಿಯೋದ ಬಾಗಿಲನ್ನು ನಮ್ಮ ಹುಡುಗರು ಹೊರಗಿನಿಂದ ಮಾತ್ರ ನೋಡಿದ್ದರು. ಮೊದಲ ಸುತ್ತಿನಲ್ಲಿ ಬರೀ ಹಾಡು ಕೇಳಿದರು. ಕೊನೆಯ ಸುತ್ತಿಗೆ ಆರು ತಂಡ ಉಳಿದವು, ಅದರಲ್ಲಿ ನಾವೂ ಇದ್ದೆವು.

ಆ ಮಧ್ಯಾಹ್ನ ಗ್ರಂಥಾಲಯದ ಸಭಾಂಗಣದಲ್ಲಿ ನಾನು ಮಂಡಿಯೂರಿ ಕೇಬಲ್ ಜೋಡಿಸುತ್ತಿದ್ದೆ. ಕುರ್ಚಿಗಳು ಆಗಲೇ ತುಂಬುತ್ತಿದ್ದವು. ಗ್ರಂಥಾಲಯದ ಮುಖ್ಯಸ್ಥೆ ಬಂದು ಜೀರಿಗೆಯನ್ನು ಪಕ್ಕಕ್ಕೆ ಕರೆದರು. ಕೊರಳಿಗೆ ದಾರ ಕಟ್ಟಿದ ಕನ್ನಡಕ, ಮೆಲುದನಿ. ಆ ಮೆಲುದನಿಗೇ ಎಲ್ಲರೂ ಹೆದರುತ್ತಿದ್ದರು. ಮೂವರು ತೀರ್ಪುಗಾರರಲ್ಲಿ ಅವರೂ ಒಬ್ಬರು. ಕೈಯಲ್ಲಿ ಗ್ರಂಥಾಲಯದ್ದೇ ಆ ಕಾದಂಬರಿಯ ಪ್ರತಿ ಇತ್ತು.

"ಇದರಲ್ಲಿ ಜೇನು ಎಲ್ಲಿದೆಯಮ್ಮ?"

"ಮಧ್ಯದಲ್ಲಿ ಮೇಡಂ. ಬಿರುಗಾಳಿ ಬರುತ್ತಲ್ಲ, ಕಪ್ತಾನ ಕೆಳಗಿಳೀತಾನಲ್ಲ, ಅಲ್ಲೇ."

"ಕಪ್ತಾನ ಕೆಳಗಿಳಿದು ತೂತು ಮುಚ್ಚಿಸ್ತಾನೆ, ನೀರು ಎತ್ತಿಸ್ತಾನೆ. ಪುಟಗಟ್ಟಲೆ ಅದೇ. ಈ ಪುಸ್ತಕ ನನಗೆ ಬಾಯಿಪಾಠ ಬರುತ್ತೆ. ಒಂದು ಜೇನುನೊಣವೂ ಹಾರಲ್ಲ ಇದರಲ್ಲಿ."

ಜೀರಿಗೆ ನಕ್ಕು ಪುಸ್ತಕ ತೆಗೆದುಕೊಂಡು ಹಾಳೆ ಮಗುಚಿದಳು. ಇನ್ನೊಮ್ಮೆ ಮಗುಚಿದಳು. ನಗು ಹೋಯಿತು, ಮುಖದ ಬಣ್ಣವೂ ಹೋಯಿತು.

"ಇತ್ತು ಅತ್ತೆ," ಎಂದು ನನ್ನ ಕಡೆ ತಿರುಗಿದಳು. "ಹೊಗೆ ಹಾಕೋದು, ಮುಚ್ಚಳ ತೆಗೆಯೋದು, ರಾಣಿ... ನಾನು ಓದಿದ್ದೀನಿ. ಒಂದು ಸಲ ಅಲ್ಲ."

"ಅದು ನಿಮ್ಮ ಕಲ್ಪನೆ ಆಗಿದ್ರೆ ತುಂಬಾ ಚೆನ್ನಾಗಿದೆ," ಎಂದರು ಮೇಡಂ. ಅವರ ದನಿಯಲ್ಲಿ ಕೊಂಕಿರಲಿಲ್ಲ. "ಆದ್ರೆ ಉಳಿದ ಐದು ತಂಡದವರೂ ಪುಟ ತೋರಿಸಿದ್ದಾರೆ. ನಿಮ್ಮದು ಕೊನೇ ಹಾಡು. ಅಷ್ಟರೊಳಗೆ ತೋರಿಸಿದ್ರೆ ವೇದಿಕೆ ಹತ್ತಿ, ಇಲ್ಲದಿದ್ರೆ ಇಲ್ಲ."

ಅವರು ಹೋದ ಮೇಲೆ ಜೀರಿಗೆ ಸ್ಪೀಕರಿನ ಮೇಲೆ ಕುಸಿದು ಕೂತಳು. ಸ್ಪರ್ಧೆ ಹೋಗುತ್ತದೆಂಬ ಚಿಂತೆಗಿಂತ ಅವಳಿಗೆ ಹತ್ತಿದ ಹೆದರಿಕೆ ಬೇರೆ.

"ಅತ್ತೆ, ನಂಗೆ ತಲೆ ಕೆಟ್ಟಿದೆಯಾ? ಇಲ್ಲದ್ದನ್ನ ಇಷ್ಟು ವರ್ಷ ಓದಿದ್ದೀನಾ?"

"ತಲೆ ಕೆಟ್ಟಿದ್ರೆ ಇನ್ನೂ ಒಳ್ಳೇ ಹಾಡು ಬರೀತಿದ್ದೆ ಬಿಡು," ಎಂದಳು ಗುಡುಗು, ಕೋಲು ತಿರುಗಿಸುತ್ತ. ಆದರೆ ಅವಳ ಕೋಲು ಕೈತಪ್ಪಿ ಬಿತ್ತು.

"ನಿನ್ನ ಪುಸ್ತಕ ಎಲ್ಲಿ?" ಎಂದೆ.

"ಮನೇಲಿ. ಇಲ್ಲಿ ಇದೇ ಪುಸ್ತಕ ಇರುತ್ತಲ್ಲ ಅಂತ ತರಲಿಲ್ಲ."

ಅಣ್ಣನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಕೈಯಲ್ಲಿ ಅಂಟು ಇರುವಾಗ ಅವನು ಫೋನ್ ಮುಟ್ಟುವವನಲ್ಲ. ನಾನು ವ್ಯಾನಿನ ಕೀಲಿ ತೆಗೆದುಕೊಂಡು ಓಡಿದೆ.

ಅಣ್ಣ ಬೈಂಡರು. ಮನೆಯ ಮುಂದಿನ ಕೋಣೆಯೇ ಅವನ ಕೆಲಸದ ಜಾಗ: ಒಂದು ಉದ್ದ ಮೇಜು, ಹೊಲಿಯುವ ಚೌಕಟ್ಟು, ತಿರುಪಿನ ಪ್ರೆಸ್ಸು, ಗಂಜಿಯಂಥ ಅಂಟಿನ ಬೋಗುಣಿ. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮೇಜಿನ ಮುಂದೆ ಕೂತವರು ಓದಬಾರದು. ಓದುತ್ತ ಕೂತರೆ ಹೊಲಿಯುವವರು ಯಾರು ಎನ್ನುವುದು ಅವನ ವಾದ. ಸಾವಿರಾರು ಪುಸ್ತಕ ಕಟ್ಟಿದ್ದಾನೆ, ಒಂದನ್ನೂ ಓದಿಲ್ಲ. ಅದು ಅವನಿಗೆ ಹೆಮ್ಮೆ. ಒಂದು ಹಾಳೆಯನ್ನೂ ತಪ್ಪು ಜಾಗಕ್ಕೆ ಹೊಲಿದಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಹೆಮ್ಮೆ. ಅವನ ಗಳಿಕೆಯ ಅರ್ಧ ಭಾಗ ಅದೇ ಗ್ರಂಥಾಲಯದ ಹರಿದ ಪುಸ್ತಕಗಳಿಂದ ಬರುತ್ತಿತ್ತು.

ಜೀರಿಗೆಯ ಪುಸ್ತಕ ಹುಡುಕಿ, ಜೇನು ಬರುವ ಪುಟ ನೋಡಿಕೊಂಡು, ತಂದು ಅವನ ಮುಂದಿಟ್ಟು, ನಡೆದದ್ದನ್ನು ಹೇಳಿದೆ.

"ಜೇನು ಇದೆಯೋ ಹಾವು ಇದೆಯೋ ನಂಗೇನು ಗೊತ್ತೇ? ಹೊಲಿಗೆ ನೋಡು, ಇಷ್ಟು ವರ್ಷ ಆದ್ರೂ ಒಂದು ದಾರ ಸಡಿಲ ಆಗಿಲ್ಲ."

"ಹೊಲಿಗೆ ಆಮೇಲೆ ನೋಡ್ತೀನಿ. ಎಂಬತ್ತನೇ ಪುಟದ ಕೊನೇ ಸಾಲು ಓದು. ಆಮೇಲೆ ಪಕ್ಕದ ಪುಟದ ಮೊದಲ ಸಾಲು."

"ನಾನು ಮೇಜಿನ ಮುಂದೆ ಓದಲ್ಲ."

"ಹಾಗಾದ್ರೆ ಎದ್ದು ನಿಂತು ಓದಣ್ಣ."

ಗೊಣಗುತ್ತ ಎದ್ದು ನಿಂತ. ಕನ್ನಡಕ ಒರೆಸಿಕೊಂಡು ಓದಿದ. "ಕೆಳಗೆ ಕತ್ತಲು. ಕಪ್ತಾನನು ತಡಕಾಡಿ ಪೆಟ್ಟಿಗೆಯ ಬಳಿ ಮಂಡಿಯೂರಿದನು." ಪಕ್ಕದ ಪುಟ: "ಮುಚ್ಚಳವನ್ನು ಒಮ್ಮೆಲೇ ತೆರೆಯಬಾರದು. ಮೊದಲು ತುಸು ಹೊಗೆ ಕೊಟ್ಟು ನಿಧಾನವಾಗಿ ಎತ್ತಬೇಕು. ನಡುಗುವ ಕೈಯನ್ನು ಜೇನು ಸಹಿಸುವುದಿಲ್ಲ."

ಅಣ್ಣ ಮತ್ತೆ ಕೂತ. ಪುಸ್ತಕದ ಬೆನ್ನನ್ನು ಬೆರಳಲ್ಲಿ ಸವರಿದ.

"ಇದು ಜೇನು ಸಾಕೋ ಪುಸ್ತಕದ್ದು," ಎಂದ. ದನಿ ಕೆಳಗಿಳಿದಿತ್ತು. "ಎರಡೂ ಒಂದೇ ಪ್ರೆಸ್ಸಿನಿಂದ ಒಂದೇ ವಾರ ಬಂದಿದ್ವು. ಒಂದೇ ಅಳತೆ, ಒಂದೇ ಕಾಗದ."

ಅವನು ಹೇಳಿದ್ದು ಇಷ್ಟು. ದೊಡ್ಡ ಹಾಳೆ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಪ್ರತಿ ಫಾರಮ್ಮಿನ ಮಡಿಕೆಯ ಬೆನ್ನಿಗೆ ಒಂದು ಕಪ್ಪು ಗುರುತು, ಒಂದರದಕ್ಕಿಂತ ಮುಂದಿನದರದು ಸ್ವಲ್ಪ ಕೆಳಗೆ. ಎಲ್ಲ ಸರಿಯಾಗಿ ಜೋಡಿಸಿದರೆ ಬೆನ್ನಿನ ಮೇಲೆ ಮೆಟ್ಟಿಲಿನ ಹಾಗೆ ಕಾಣುತ್ತದೆ. ಬೈಂಡರು ಓದಬೇಕಿಲ್ಲ, ಮೆಟ್ಟಿಲು ನೋಡಿದರೆ ಸಾಕು. ಪ್ರೆಸ್ಸಿನವರು ಹಾಳಾಗುವ ಲೆಕ್ಕಕ್ಕೆಂದು ಪ್ರತಿ ಫಾರಮ್ಮನ್ನೂ ನಾಲ್ಕು ಹೆಚ್ಚಿಗೆ ಕಳಿಸುತ್ತಾರೆ. ಕೆಲಸ ಮುಗಿದ ಮೇಲೆ ಉಳಿದದ್ದರಲ್ಲಿ ಬೈಂಡರು ತನಗೊಂದು ಪ್ರತಿ ಕಟ್ಟಿಕೊಳ್ಳುವುದು ರೂಢಿ. ಅಣ್ಣ ಆ ಸಂಜೆ ಎರಡು ಪುಸ್ತಕದ ಉಳಿಕೆಯನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡಿದ್ದ. ಆರನೇ ಫಾರಂ ಅದಲುಬದಲಾಯಿತು. ಎರಡು ಪುಸ್ತಕದಲ್ಲೂ ಮೆಟ್ಟಿಲು ಸರಿಯಾಗೇ ಬಂತು.

"ಸರಿ, ಕೊಡು. ಹೊತ್ತಾಯ್ತು," ಎಂದೆ.

ಅವನು ಪುಸ್ತಕವನ್ನು ಎದೆಗೆ ಒತ್ತಿಕೊಂಡ. "ಕೊಡಲ್ಲ."

"ಅಣ್ಣ."

"ಅಲ್ಲಿಯ ನಿಯಮ ನಿಂಗೊತ್ತಿಲ್ಲ. ಬೈಂಡರು ತಪ್ಪು ಕಟ್ಟಿದ್ದು ಒಂದು ಸಿಕ್ಕಿದ್ರೂ, ಅವನು ಕಟ್ಟಿದ್ದನ್ನೆಲ್ಲ ತೆಗೆದು ನೋಡ್ತಾರೆ. ನೋಡಿ ಮುಗಿಯೋವರೆಗೆ ಹೊಸ ಕೆಲಸ ಇಲ್ಲ. ಅಷ್ಟನ್ನೂ ನೋಡೋರು ಯಾರು? ನಾನು ಸತ್ತ ಮೇಲೆ ಮುಗಿಯುತ್ತೆ ಅದು." ಅವನ ಕೈ ಚಾಕುವಿನ ಕಡೆ ಹೋಯಿತು. "ದಾರ ಬಿಚ್ಚಿ ಈ ಫಾರಂ ತೆಗೆದುಬಿಡ್ತೀನಿ. ಒಂದು ಪುಸ್ತಕದಲ್ಲಿ ಹದಿನಾರು ಪುಟ ಇಲ್ಲ ಅಷ್ಟೇ. ಹರಿದು ಹೋಗಿತ್ತು ಅಂತ ಹೇಳು."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅರ್ಧ ಗಳಿಕೆ ಅಂದರೆ ಸಣ್ಣ ಮಾತಲ್ಲ. ಆ ಕೆಲಸದಿಂದಲೇ ಮನೆ ನಡೆದದ್ದು. ಒಂದು ಮಾತು ಮಾತ್ರ ಹೇಳಿದೆ.

"ನಿನ್ನ ಮಗಳು ಅಲ್ಲಿ ಸ್ಪೀಕರ್ ಮೇಲೆ ಕೂತು ತನಗೆ ತಲೆ ಕೆಟ್ಟಿದೆ ಅಂತ ನಂಬ್ತಾ ಇದ್ದಾಳೆ. ಸ್ಪರ್ಧೆ ಹಾಳಾಗಲಿ, ಅದನ್ನಾದ್ರೂ ಬಿಡಿಸು."

ಚಾಕು ಮೇಜಿನ ಮೇಲೆಯೇ ನಿಂತಿತು.

"ಏನೇ ಅದು, ಅವಳ ಹಾಡು?"

ಗೋದಾಮಿನ ಹಿಂದೆಯೇ ಅವನ ಮನೆ. ವರ್ಷದಿಂದ ಆ ಹಾಡು ಗೋಡೆ ನಡುಗಿಸಿದೆ. ಅವನಿಗೆ ಕೇಳಿಸಿದ್ದು ಸದ್ದು ಮಾತ್ರ. ನನಗೆ ಹಾಡಲು ಬರುವುದಿಲ್ಲ. ಬಾಡಿಗೆ ದರ ಹೇಳುವ ಹಾಗೆ ಹೇಳಿದೆ: ನಡುಗದ ಕೈಯಲ್ಲಿ ಮುಚ್ಚಳ ಎತ್ತು, ಗಾಳಿ ಹೊರಗಿದೆ, ರಾಣಿ ಒಳಗೆ, ರಾಣಿ ಉಳಿದರೆ ಹಡಗೂ ಉಳಿದೀತು.

ಅಣ್ಣ ಚಾಕುವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಎದ್ದು ಹೋಗಿ ಕೈತೊಳೆದ. ಉಗುರಿನ ಸಂದಿಯ ಅಂಟನ್ನೂ ಬಿಡದೆ ತಿಕ್ಕಿ ತೊಳೆದ. ಒಗೆದ ಅಂಗಿ ಹಾಕಿಕೊಂಡು ಬಂದ.

"ವ್ಯಾನ್ ತೆಗಿ. ಪುಸ್ತಕ ನನ್ನ ಕೈಯಲ್ಲೇ ಇರುತ್ತೆ."

ದಾರಿಯಲ್ಲಿ ಅವನು ಓದತೊಡಗಿದ, ಅದೂ ಜೋರಾಗಿ. ನಾನು ಲಾರಿಗಳ ನಡುವೆ ನುಗ್ಗಿಸುತ್ತಿದ್ದೆ, ಅವನು ಪಕ್ಕದಲ್ಲಿ ಜೇನುಪೆಟ್ಟಿಗೆಯ ಬಾಗಿಲು ಯಾವ ದಿಕ್ಕಿಗಿರಬೇಕು ಎಂದು ಓದುತ್ತಿದ್ದ.

"ಗಾಳಿಗೆ ಬೆನ್ನು ಮಾಡಿ ಇಡಬೇಕಂತೆ. ಕೇಳಿಸ್ತೇನೇ? ಹೊರಗೆ ಬಿರುಗಾಳಿ. ಸರಿಯಾಗೇ ಇದೆಯಲ್ಲ."

"ಅಣ್ಣ, ಸಿಗ್ನಲ್ ಕಾಣ್ತಿಲ್ಲ, ಪುಸ್ತಕ ಕೆಳಗಿಳಿಸು."

"ಇರೇ, ರಾಣಿ ಬಂದಳು." ಹಾಳೆ ಮಗುಚಿದ. "ರಾಣಿ ಶಾಂತವಾಗಿದ್ದರೆ ಇಡೀ ಗೂಡು ಶಾಂತವಾಗುತ್ತದೆ. ಇಲ್ಲಿಗೆ ಫಾರಂ ಮುಗೀತು. ಈಗ ಹಡಗಿನ ಪುಸ್ತಕ. ಬೆಳಗಾಗುವ ಹೊತ್ತಿಗೆ ಗಾಳಿ ನಿಂತಿತ್ತು. ಒಬ್ಬನೂ ಸತ್ತಿರಲಿಲ್ಲ." ಡ್ಯಾಶ್‌ಬೋರ್ಡಿಗೆ ಒಂದು ಏಟು ಹಾಕಿದ. "ಎಷ್ಟು ಚೆನ್ನಾಗಿ ಕೂತಿದೆ ನೋಡೇ. ಬೇಕು ಅಂತ ಹೊಲಿದ್ರೂ ಹೀಗೆ ಕೂರ್ತಿರಲಿಲ್ಲ."

"ಹಾಗಂತ ಮೇಡಂ ಮುಂದೆ ಹೇಳಬೇಡ ಮಾರಾಯ."

ಸಭಾಂಗಣ ಮುಟ್ಟಿದಾಗ ಐದನೇ ತಂಡ ಹಾಡುತ್ತಿತ್ತು. ಜಾಗವಿಲ್ಲದೆ ಜನ ಗೋಡೆಗೊರಗಿ ನಿಂತಿದ್ದರು. ನಮ್ಮವರು ವೇದಿಕೆಯ ಪಕ್ಕದಲ್ಲಿ ವಾದ್ಯ ಹಿಡಿದು, ಬಸ್ಸು ತಪ್ಪಿದವರ ಹಾಗೆ ನಿಂತಿದ್ದರು. ಜೀರಿಗೆ ಅಪ್ಪನನ್ನು ನೋಡಿ ಏನೋ ಕೇಳಲು ಬಂದಳು. ಅವನು ಅವಳ ತಲೆ ಮುಟ್ಟಿ, "ನಿನ್ನ ತಲೆ ಸರಿ ಇದೆ. ಕೈ ತಪ್ಪಿದ್ದು ನಂದು," ಎಂದು ಹೇಳಿ ಸೀದಾ ಮೇಡಂ ಬಳಿ ಹೋದ.

ಹಾಡು ಮುಗಿದು ಚಪ್ಪಾಳೆ ಏಳುವಷ್ಟರಲ್ಲಿ ಅವನು ಎಲ್ಲ ಹೇಳಿ ಮುಗಿಸಿದ್ದ. ಮೇಡಂ ಪುಸ್ತಕ ಬಿಡಿಸಿ, ಎಂಬತ್ತನೇ ಪುಟದಿಂದ ಓದಿದರು. ತೊಂಬತ್ತಾರರವರೆಗೆ ನಿಲ್ಲಿಸಲಿಲ್ಲ. ಉಳಿದಿಬ್ಬರು ತೀರ್ಪುಗಾರರು ಗಡಿಯಾರ ನೋಡುತ್ತಿದ್ದರು.

"ಹಾಗಾದ್ರೆ," ಎಂದರು ಮೇಡಂ ತಲೆಯೆತ್ತಿ, "ಹಡಗಿನ ಆರನೇ ಫಾರಂ ಎಲ್ಲಿ ಹೋಯ್ತು?"

"ಜೇನಿನ ಪುಸ್ತಕಕ್ಕೆ ಹೋಗಿರಬೇಕು. ಆ ಪ್ರತಿ..." ಅಣ್ಣ ಕಪಾಟುಗಳ ಕಡೆ ನೋಡಿದ. "ಆ ಪ್ರತಿ ನಾನು ನಿಮ್ಮಲ್ಲಿಗೇ ಕೊಟ್ಟಿದ್ದೆ ಮೇಡಂ. ಪುಕ್ಕಟೆ."

ಮೇಡಂ ಓಡಿದರು. ಆ ಮೆಲುದನಿಯ ಹೆಂಗಸು ಕನ್ನಡಕ ಕೊರಳಲ್ಲಿ ಜೋಲಾಡಿಸಿಕೊಂಡು ಕಪಾಟುಗಳ ಸಾಲಿನ ನಡುವೆ ಓಡಿದ್ದನ್ನು ಅಲ್ಲಿನ ನೌಕರರು ಬಾಯಿ ಬಿಟ್ಟುಕೊಂಡು ನೋಡಿದರು. ಹಿಂದೆ ಅಣ್ಣ, ಅವನ ಹಿಂದೆ ನಾನು. ಕೃಷಿಯ ಕಪಾಟು, ಕೆಳಗಿನ ಅರೆ. ಬೂದು ರಟ್ಟು. ಅದು ತನ್ನ ಕೈಯ ರಟ್ಟೆಂದು ಅಣ್ಣ ದೂರದಿಂದಲೇ ಗುರುತಿಸಿದ.

ಬಿಡಿಸಿದಾಗ ಪುಸ್ತಕ ತಾನಾಗಿ ನಡುವೆ ತೆರೆದುಕೊಂಡಿತು. ಗೂಡಿಗೆ ಹುಳ ಬಿದ್ದರೆ ಏನು ಮಾಡಬೇಕೆಂದು ಹೇಳುತ್ತಿದ್ದ ಪುಟದ ಪಕ್ಕದಲ್ಲಿ ಹಡಗಿನ ತಳ ಒಡೆದು ನೀರು ನುಗ್ಗುತ್ತಿತ್ತು. ಬೇರೆ ಪುಟಗಳೆಲ್ಲ ಹೊಸದರಂತೆ ಇದ್ದವು. ಆ ಹದಿನಾರು ಪುಟದ ಮೂಲೆಗಳು ಮಾತ್ರ ಬೆರಳಾಡಿ ಕಪ್ಪಾಗಿ, ಮೆತ್ತಗಾಗಿದ್ದವು. ಜೇನು ಸಾಕುವವರು ವರ್ಷಗಟ್ಟಲೆ ಬಂದು ಬಿರುಗಾಳಿ ಓದಿ ಹೋಗಿದ್ದರು. ಒಬ್ಬರೂ ದೂರು ಕೊಟ್ಟಿರಲಿಲ್ಲ.

ಮೇಡಂ ನೆಲದ ಮೇಲೇ ಕೂತು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಅಣ್ಣನನ್ನು ನೋಡಿದರು.

"ನೀವು ಹೇಳದೆ ಇದ್ದಿದ್ರೆ ಇದು ನನಗೆ ಗೊತ್ತಾಗ್ತಿರಲಿಲ್ಲ. ಈಗ ಗೊತ್ತಾಗಿದೆ. ಗೊತ್ತಾಗಿಲ್ಲ ಅನ್ನೋಕೆ ನನ್ನಿಂದ ಆಗಲ್ಲ."

"ಗೊತ್ತು ಮೇಡಂ. ಗೊತ್ತಿದ್ದೇ ಬಂದೆ."

"ಎರಡನ್ನೂ ಬಿಚ್ಚಿ ಸರಿ ಮಾಡಿಕೊಡ್ಲಾ ಅಂತ ಮಾತ್ರ ಕೇಳಬೇಡಿ."

ಅವನು ಅದನ್ನೇ ಕೇಳಲು ಬಾಯಿ ತೆರೆದಿದ್ದ. ಮುಚ್ಚಿಕೊಂಡ.

ವೇದಿಕೆಯ ಬಳಿ ಇನ್ನೊಂದು ಜಗಳ ಕಾದಿತ್ತು. ತೀರ್ಪುಗಾರರಲ್ಲಿ ಒಬ್ಬರು, ಟೈ ಕಟ್ಟಿದವರು, ಒಪ್ಪಲಿಲ್ಲ. "ಇದು ಎರಡು ಪುಸ್ತಕದ ತುಂಡು. ಲೇಖಕರು ಇದನ್ನ ಬರೆದಿಲ್ಲ. ಒಂದು ಪುಸ್ತಕದಿಂದ ಅಂತ ನಿಯಮ."

"ಲೇಖಕರಿಂದ ಅಂತ ನಿಯಮದಲ್ಲಿ ಎಲ್ಲಿದೆ?" ಎಂದರು ಮೇಡಂ. "ಹೊಲಿದಿದ್ದಾರೆ, ರಟ್ಟು ಹಾಕಿದ್ದಾರೆ, ಒಂದು ಮಗು ಕುಳಿತು ಓದಿದೆ. ಪುಸ್ತಕ ಅಂದ್ರೆ ಇನ್ನೇನು ಬೇಕು ನಿಮಗೆ? ಪುಟ ತೋರಿಸಿ ಅಂದೆ, ತೋರಿಸಿದ್ದಾರೆ."

ಮೂರನೆಯವರು, ಸಂಗೀತ ಕಲಿಸುವವರು, ನಕ್ಕು ಕೈಯೆತ್ತಿದರು. ಇಬ್ಬರು ಒಂದು ಕಡೆಯಾದರು.

ಜೀರಿಗೆ ವೇದಿಕೆ ಹತ್ತಿದಳು. ನಾನು ಮಿಕ್ಸರಿನ ಹಿಂದೆ ನಿಂತೆ, ಅಣ್ಣ ನನ್ನ ಪಕ್ಕದಲ್ಲಿ. ಅವಳು ಮೈಕು ಹಿಡಿದು ಹೇಳಿದಳು: "ಈ ಹಾಡು ಒಂದು ಹಡಗಿನ ಕಾದಂಬರಿಯಿಂದ ಬಂತು ಅಂತ ಅರ್ಜೀಲಿ ಬರೆದಿದ್ದೆ. ತಪ್ಪು. ಅದು ಬಂದಿದ್ದು ಕಾದಂಬರಿ ಮತ್ತು ಜೇನು ಸಾಕೋ ಪುಸ್ತಕ ಎರಡೂ ಸೇರಿದ ಜಾಗದಿಂದ. ಸೇರಿಸಿದವರು ನಮ್ಮಪ್ಪ. ಅವರಿಗೆ ಅದು ಇವತ್ತೇ ಗೊತ್ತಾಗಿದ್ದು."

ಜನ ನಕ್ಕರು, ಚಪ್ಪಾಳೆ ತಟ್ಟಿದರು, ಕತ್ತು ತಿರುಗಿಸಿ ಹುಡುಕಿದರು. ಅಣ್ಣ ಸ್ಪೀಕರಿನ ಹಿಂದೆ ಸರಿದ. ಗುಡುಗು ಕೋಲು ಎತ್ತಿದಳು.

ಆ ಹಾಡನ್ನು ನಾನು ಎಷ್ಟೋ ಸಲ ಕೇಳಿದ್ದೇನೆ, ಆದರೆ ಆ ದಿನದ ಹಾಗೆ ಕೇಳಿರಲಿಲ್ಲ. ಹೆದರಿಕೆ ಹೋದ ಗಂಟಲಿನ ಬಲವೇ ಬೇರೆ. ಮುಚ್ಚಳ ತೆರೆಯುವ ಜಾಗದಲ್ಲಿ ಅವಳು ದನಿ ತಗ್ಗಿಸಿ, ಪಾಠ ಹೇಳುವವರ ಹಾಗೆ ನಿಧಾನವಾಗಿ ಹಾಡಿದಳು. ಆಮೇಲೆ ಗಿಟಾರುಗಳು ಎದ್ದವು, ಕಿಟಕಿಯ ಗಾಜು ಗಲಗಲ ಎಂದಿತು. ಗೋಡೆಗೆ ಒರಗಿದ್ದವರು ಗೋಡೆ ಬಿಟ್ಟು ಕುಣಿದರು. ಮೇಡಂ ಎರಡು ಪುಸ್ತಕವನ್ನೂ ಮಡಿಲಲ್ಲಿಟ್ಟುಕೊಂಡು ಅವುಗಳ ಮೇಲೆಯೇ ತಾಳ ಹಾಕುತ್ತಿದ್ದರು.

ಅಣ್ಣ ನನ್ನ ತೋಳು ತಿವಿದ. "ಏ, ಮಾತು ಸರಿಯಾಗಿ ಕೇಳಿಸ್ತಿಲ್ಲ. ಅವಳ ಮೈಕ್ ಏರಿಸು."

"ಇನ್ನೂ ಏರಿಸಿದ್ರೆ ಕಿವಿ ಹೋಗುತ್ತೆ."

"ಹೋಗಲಿ, ಏರಿಸು."

ಏರಿಸಿದೆ.

ಬಹುಮಾನ ನಮಗೇ ಬಂತು. ಟೈ ಕಟ್ಟಿದವರು ಕೈ ಕುಲುಕುವಾಗ ಮುಖ ಸಿಂಡರಿಸಿಕೊಂಡೇ ಇದ್ದರು. ಸ್ಟುಡಿಯೋದ ಮೂರು ದಿನ ನಾನೂ ಒಳಗೆ ಕೂತಿದ್ದೆ. ಹಾಡು ಚೆನ್ನಾಗಿ ಬಂದಿದೆ, ರೇಡಿಯೋದಲ್ಲಿ ಹಾಕುತ್ತಾರೆ, ಬ್ಯಾಂಡಿಗೆ ತಿಂಗಳಿಗೆ ಎರಡು ಮೂರು ಕಡೆ ಕರೆ ಬರುತ್ತಿದೆ. ಅಣ್ಣ ಕಟ್ಟಿದ ಪುಸ್ತಕಗಳನ್ನು ಗ್ರಂಥಾಲಯದವರು ಒಂದೊಂದಾಗಿ ತೆಗೆದು ನೋಡುತ್ತಿದ್ದಾರೆ. ಇದುವರೆಗೆ ಇನ್ನೊಂದು ತಪ್ಪು ಸಿಕ್ಕಿಲ್ಲ, ಆದರೆ ನೋಡಬೇಕಾದದ್ದು ಬೆಟ್ಟದಷ್ಟಿದೆ. ಅಲ್ಲಿಯವರೆಗೆ ಅವನಿಗೆ ಅಲ್ಲಿಂದ ಹೊಸ ಕೆಲಸವಿಲ್ಲ. ಅಂಗಡಿಯವರ ಲೆಕ್ಕದ ಪುಸ್ತಕ ಹೊಲಿದು ಮನೆ ನಡೆಸುತ್ತಿದ್ದಾನೆ. ಮಗಳಿಗೆ ಹಾಡು ದಕ್ಕಿತು. ಅಪ್ಪನಿಗೆ ಅರ್ಧ ಗಳಿಕೆ ಹೋಯಿತು.